ಭಂಡಾರದ ಗೆಂಡೆ

೧೪ ಜೂನ್ ೧೯೮೧, ಭಾನುವಾರ

ಐದಕ್ಕೆ ಎದ್ದೆ. ಎರೆಹುಳ ನಿನ್ನೆಯೇ ತೆಗೆದು ತೆಂಗಿನ ಚಿಪ್ಪಿನಲ್ಲಿ ಇಟ್ಟಿದ್ದೆ. ಹುಲುಗಮ್ಮ ಮಲಗಿದಲ್ಲಿಂದಲೇ, “ಸೂಟಿ ಇದ್ರೂ ಈ ಮನುಷ್ಯ ಮನಿಯಾಗ ಇರಂಗಿಲ್ಲ” ಅಂದಳು. ಹೆಂಡತಿ ಅಂದಮೇಲೆ ಅಷ್ಟು ಅನ್ನಲೇಬೇಕು. ಸೈಕಲ್ ಹತ್ತಿದೆ. ಹಗರಿಬೊಮ್ಮನಹಳ್ಳಿಯಿಂದ ಎರಡು ಮೈಲಿ, ಹಳ್ಳದ ಕರಿಗಲ್ಲು ಮಡು. ಹಳ್ಳ ಒಣಗಿದರೂ ಇಲ್ಲಿ ನೀರು ಬತ್ತುವುದಿಲ್ಲ. ತಳವೆಲ್ಲ ಕರಿ ಬಂಡೆ.

ದ್ಯಾಮಕ್ಕ ಆಗಲೇ ಬಂದು ತನ್ನ ಕಲ್ಲಿನ ಮೇಲೆ ಕೂತಿದ್ದಳು. ಅರವತ್ತೈದು ದಾಟಿರಬೇಕು. ಒಂದು ಬಿದಿರು ಕೋಲು, ಒಂದು ಗಾಳ, ನೀರ ಮೇಲೆ ತೇಲಲು ಜೋಳದ ದಂಟಿನ ಬೆಂಡು. ಅವತ್ತಿನ ಸಾರಿಗೆ ಬೇಕಾದಷ್ಟು ಅವತ್ತೇ ಹಿಡಿಯುತ್ತಾಳೆ, ಆಮೇಲೆ ಎದ್ದು ಹೋಗುತ್ತಾಳೆ. ನಾನು ಐದು ಹಿಡಿಯುವಷ್ಟರಲ್ಲಿ ಅವಳದು ಹತ್ತು. ಹೊಟ್ಟೆಕಿಚ್ಚು ಇದೆ, ಇಲ್ಲ ಅನ್ನುವುದಿಲ್ಲ.

ಏಳೂವರೆಗೆ ಬೆಂಡು ಮುಳುಗಿತು. ಎಳೆದೆ. ಗೆಂಡೆ, ಅಂಗೈ ಅಗಲ. ಆದರೆ... ಗೆಂಡೆ ಅಂದರೆ ಬೆಳ್ಳಿ ಮೈ, ಬಾಲದ ಹತ್ತಿರ ಒಂದು ಕರಿ ಚುಕ್ಕೆ, ಅಷ್ಟೆ. ಇದಕ್ಕೆ ಕಿವಿರಿನಿಂದ ಬಾಲದವರೆಗೆ ಬೆರಳಗಲದ ಕೇಸರಿ ಪಟ್ಟಿ. ಬೆನ್ನ ಮೇಲೆ ಅರಿಶಿನ ಚೆಲ್ಲಿದ ಹಾಗೆ ಮಚ್ಚೆಗಳು. ಇಪ್ಪತ್ತು ವರ್ಷದಿಂದ ಗಾಳ ಹಾಕುತ್ತಿದ್ದೇನೆ, ಇಂಥದ್ದು ಕಂಡಿಲ್ಲ.

“ಭಂಡಾರದ ಗೆಂಡಿ ಅದು. ಮೈಲಾರಪ್ಪಂದು. ಕಣ್ಣಿಗೊತ್ತಿಕೊಂಡು ಬಿಟ್ಟುಬಿಡು” ಅಂದಳು ದ್ಯಾಮಕ್ಕ. ಭಂಡಾರ ಅಂದರೆ ಮೈಲಾರಪ್ಪ ದೇವರ ಅರಿಶಿನ.

“ನೀ ಹಿಡದೀಯೇನು ಯಕ್ಕ ಇಂಥದ್ದು?”

“ಹಿಡದೀನಿ, ಬಿಟ್ಟೀನಿ. ವರ್ಷಕ್ಕ ಒಂದೋ ಎರಡೋ. ನಮ್ಮವ್ವನೂ ಬಿಡತಿದ್ಲು.”

ನಾನು ಬಿಡಲಿಲ್ಲ. ಟಿಫಿನ್ ಡಬ್ಬಿಗೆ ಹಾಕಿಕೊಂಡು ಸೈಕಲ್ ತುಳಿದೆ. ಹಿಂದಿನಿಂದ ಏನೋ ಕೂಗಿದಳು. ಕೇಳಿಸಿಕೊಳ್ಳಲಿಲ್ಲ.

ಅದೇ ದಿನ, ಹನ್ನೊಂದು ಗಂಟೆ

ಹೈಸ್ಕೂಲಿನ ಲ್ಯಾಬ್ ಕೀ ನನ್ನ ಹತ್ತಿರವೇ ಇರುತ್ತದೆ. ಅಟೆಂಡರ್ ಆಗಿ ನಾಲ್ಕು ವರ್ಷ, ಇನ್ನೂ ಟೆಂಪರರಿ. ಕಪ್ಪೆ, ಹಾವು, ಜಿರಳೆ, ಎಲ್ಲ ಬಾಟಲಿಗೆ ಹಾಕಿಟ್ಟವನು ನಾನೇ. ಫಾರ್ಮಲಿನ್ ಜಾಡಿ ನೋಡಿದರೆ ಖಾಲಿ. ಬೇಕು ಅಂತ ಇಂಡೆಂಟ್ ಕಳಿಸಿ ಮೂರು ತಿಂಗಳಾಯಿತು. ಇರಲಿ. ಸ್ಪಿರಿಟ್ ಇತ್ತು. ಕೊಳೆಯಬಾರದು ಅಷ್ಟೆ ತಾನೆ. ಬಾಟಲಿ ತುಂಬ ಸ್ಪಿರಿಟ್ ಹಾಕಿ ಮೀನು ಇಳಿಸಿದೆ, ಮೇಣದಿಂದ ಸೀಲ್ ಮಾಡಿದೆ. ಬೆಳಕು ತಗುಲಿ ಬಣ್ಣ ಹೋದೀತೆಂದು ಕರಿ ಕಾಗದ ಸುತ್ತಿದೆ. ಎಷ್ಟು ಜಾಣ ನಾನು!

೧೮ ಜೂನ್, ಗುರುವಾರ

ಹಾಲಸ್ವಾಮಿ ಸರ್ ರಜೆಯಿಂದ ಬಂದರು. ನಮ್ಮ ಸೈನ್ಸ್ ಮಾಸ್ತರು. ಶಾಲೆಯಲ್ಲಿ ನನ್ನನ್ನು ಕೂರಿಸಿಕೊಂಡು ಮಾತಾಡುವವರು ಅವರೊಬ್ಬರೇ. ಮೀನಿನ ವಿಷಯ ಹೇಳಿದೆ. ಕಣ್ಣು ಅರಳಿತು. ಅವರಿಗೆ ಪಾಠ ಹೇಳಿದ್ದ ಪ್ರೊಫೆಸರ್ ಒಬ್ಬರು ಮೀನಿನ ಮೇಲೆಯೇ ಪುಸ್ತಕ ಬರೆದವರಂತೆ, ಅವರಿಗೆ ಕಳಿಸೋಣ ಅಂದರು.

“ಬಿಚ್ಚಿ ತೋರಿಸ್ಲಿ ಏನ್ರಿ ಸರ್?” ಅಂದೆ. “ಬ್ಯಾಡ, ಸೀಲ್ ಮಾಡೀಯಲ್ಲ. ನೀನು ನೋಡಿದ್ರ ನಾನು ನೋಡಿದಂಗ” ಅಂದರು. ನಾನು ಹೇಳಿದ ಬಣ್ಣ, ಮಚ್ಚೆ ಎಲ್ಲ ಇಂಗ್ಲಿಷಿನಲ್ಲಿ ಬರೆದು ಕೆಳಗೆ ಸಹಿ ಹಾಕಿದರು. ಹೆಡ್ ಮಾಸ್ತರ್ ಶಾಲೆಯ ಸೀಲು ಒತ್ತಿದರು. ಪಾರ್ಸೆಲ್ ಹೋಯಿತು. ಸಂತೋಷಕ್ಕೆ ಹುಲುಗಮ್ಮನಿಗೆ ಮಿರ್ಚಿ ಕಟ್ಟಿಸಿಕೊಂಡು ಬಂದೆ.

೩ ಜುಲೈ, ಶುಕ್ರವಾರ

ಉತ್ತರ ಬಂತು. ಹೆಡ್ ಮಾಸ್ತರ್ ಸ್ಟಾಫ್ ರೂಮಿನಲ್ಲಿ ಎಲ್ಲರ ಮುಂದೆ ಓದಿದರು. ಮೀನು ಮಾಮೂಲಿ ಗೆಂಡೆ, ಮೈಮೇಲೆ ಯಾವ ಪಟ್ಟಿಯೂ ಇಲ್ಲ. ಬಾಟಲಿಯ ದ್ರವ ಮಾತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದೆ. ಯಾರೋ ಮೀನಿಗೆ ಬಣ್ಣ ಹಚ್ಚಿದ್ದಾರೆ, ಅದು ದ್ರವದಲ್ಲಿ ಬಿಟ್ಟಿದೆ. ಇನ್ನು ಮುಂದೆ ಇಂಥ ತಮಾಷೆ ಕಳಿಸಬೇಡಿ.

ಹಿಂದಿ ಮಾಸ್ತರು ನಕ್ಕರು. ಹಾಲಸ್ವಾಮಿ ಸರ್ ನಗಲಿಲ್ಲ, ಬೈಯಲೂ ಇಲ್ಲ. ಎದ್ದು ಕ್ಲಾಸಿಗೆ ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಸಂಜೆ ಮೆಮೊ. ಲ್ಯಾಬಿನ ಬಣ್ಣ ಬಳಸಿ ಶಾಲೆಗೆ ಮೋಸ ಮಾಡಿದ್ದೀರಿ, ಆಗಸ್ಟ್ ಮೂರರೊಳಗೆ ಎಕ್ಸ್‌ಪ್ಲನೇಷನ್ ಕೊಡಿ. ನನ್ನ ಖಾಯಂ ಆಗುವ ಕಾಗದ ಈ ತಿಂಗಳು ಮೇಲಿನ ಆಫೀಸಿಗೆ ಹೋಗಬೇಕಿತ್ತು. ಮೆಮೊ ತೀರುವವರೆಗೆ ಹೋಗುವುದಿಲ್ಲ. ತೀರದಿದ್ದರೆ ಹೋಗುವುದೇ ಇಲ್ಲ.

ಕೆಲಸ ಹೋದರೆ ಇನ್ನೊಂದು ನೋಡಬಹುದು. ನಾನು, ಎರ್ರೆಪ್ಪ, ಸುಳ್ಳ ಅಂತ ಆಗಿಬಿಟ್ಟರೆ?

೭ ಜುಲೈ, ಮಂಗಳವಾರ

ಗೊತ್ತಾಯಿತು. ನನ್ನ ಹಣೆಬರಹಕ್ಕೆ ಇವತ್ತು ಒಂಬತ್ತನೇ ಕ್ಲಾಸಿನ ಪ್ರಾಕ್ಟಿಕಲ್. ಎಲೆಯಲ್ಲಿ ಪಿಷ್ಟ ಇದೆಯೋ ಇಲ್ಲವೋ ನೋಡುವುದು. ಪ್ರತಿವರ್ಷ ಸಾಮಾನು ಜೋಡಿಸುವವನು ನಾನೇ. ಎಲೆಯನ್ನು ಸ್ಪಿರಿಟ್ಟಿನಲ್ಲಿ ಹಾಕಿ ಬಿಸಿನೀರಿನಲ್ಲಿ ಇಡುವುದು. ಎಲೆ ಬೆಳ್ಳಗೆ ಆಗುತ್ತದೆ, ಸ್ಪಿರಿಟ್ ಹಸಿರಾಗುತ್ತದೆ. ಬೀಕರ್ ಕೈಯಲ್ಲಿ ಹಿಡಿದು ನಿಂತೇಬಿಟ್ಟೆ.

ನಾಲ್ಕು ವರ್ಷ. ವರ್ಷಕ್ಕೆ ಮೂರು ಕ್ಲಾಸು. ಸ್ಪಿರಿಟ್ ಬಣ್ಣ ತೆಗೆಯುತ್ತದೆ ಅಂತ ಊರಿನ ಮಕ್ಕಳಿಗೆಲ್ಲ ತೋರಿಸಿದವನು ನಾನು. ಅದೇ ಸ್ಪಿರಿಟ್ಟಿಗೆ ಮೀನು ಹಾಕಿ ಮೇಣ ಬೇರೆ ಒತ್ತಿದ್ದೇನೆ. ಕತ್ತೆ!

ಕ್ಲಾಸು ಮುಗಿದ ಮೇಲೆ ಹಾಲಸ್ವಾಮಿ ಸರ್‌ಗೆ ಹೇಳಿದೆ. “ಹೌದು, ಹಂಗ ಆಗಿರಬಹುದು. ಆದ್ರ ಎರ್ರೆಪ್ಪ, ನೀನು ಬಣ್ಣ ಹಚ್ಚಿದ್ರೂ ಹಂಗೇ ಆಗತಿತ್ತಲ್ಲ” ಅಂದರು.

ಒಂದೇ ದಾರಿ. ಇನ್ನೊಂದು ಹಿಡಿಯಬೇಕು. ಜೀವಂತ ತಂದು ಟೇಬಲ್ ಮೇಲೆ ಇಡಬೇಕು. ಹಿಡಿದೇ ಹಿಡಿಯುತ್ತೇನೆ.

೧೨ ಜುಲೈ, ಭಾನುವಾರ

ಐದು ದಿನದಿಂದ ದಿನಾ ಹೋಗುತ್ತಿದ್ದೇನೆ. ಐದೂವರೆಯಿಂದ ಒಂಬತ್ತರ ತನಕ, ಆಮೇಲೆ ಶಾಲೆ. ಬೆಳ್ಳಿ ಗೆಂಡೆ, ಬೆಳ್ಳಿ ಗೆಂಡೆ, ಒಂದು ಏಡಿ. ಹುಲುಗಮ್ಮ ಸಾರು ಮಾಡಿ ಮಾಡಿ ಬೇಸತ್ತಿದ್ದಾಳೆ. “ಬಣ್ಣದ್ದು ಸಿಗೋತನಕ ಬರೇ ಮೀನು ತಿಂದು ನಾವ ಮೀನ ಆಗಿಬಿಡತೀವಿ, ಅವಾಗ ನನ್ನೇ ಬಕೆಟ್‌ನಾಗ ಹಾಕ್ಕೊಂಡು ಹೋಗ್ರಿ” ಅಂದಳು. ನಗು ಬಂತು. ಮೆಮೊ ಬಂದಮೇಲೆ ಮೊದಲ ಸಲ.

ದ್ಯಾಮಕ್ಕನಿಗೆ ಎಲ್ಲಿದೆ ಗೊತ್ತು. ಹೇಳುವುದಿಲ್ಲ. ನನ್ನ ಕಡೆ ನೋಡುವುದೂ ಇಲ್ಲ.

೧೯ ಜುಲೈ, ಭಾನುವಾರ

ಇವತ್ತು ಅವಳ ಕಲ್ಲಿನ ಹತ್ತಿರ ಹೋಗಿ ಕೂತೆ. ಮೆಮೊ ತೆಗೆದು ಪೂರ್ತಿ ಓದಿ ಹೇಳಿದೆ. ಸ್ಪಿರಿಟ್ ವಿಷಯವನ್ನೂ ಹೇಳಿದೆ. ಮುಚ್ಚಿಡಲಿಲ್ಲ.

“ಕೊಂದಿ ಅದನ್ನ” ಅಂದಳು.

“ಕೊಂದೆ ಯಕ್ಕ. ತಪ್ಪಾತು.”

ಅವಳು ಎರಡು ಗೆಂಡೆ ಎಳೆದು ಬುಟ್ಟಿಗೆ ಹಾಕಿದಳು. ಆಮೇಲೆ ಸೊಂಟದ ಚೀಲದಿಂದ ಭಂಡಾರದ ಪೊಟ್ಟಣ ತೆಗೆದಳು. ಮೈಲಾರಕ್ಕೆ ಹೋದಾಗ ತಂದಿದ್ದಂತೆ. ನನ್ನ ಹಣೆಗೆ ಹಚ್ಚಿ, “ಕೊಲ್ಲಂಗಿಲ್ಲ. ಹೊತ್ತು ಮುಳುಗೋದ್ರೊಳಗ ಇಲ್ಲೇ ತಂದು ಬಿಡಬೇಕು. ಹೂಂ ಅನ್ನು” ಅಂದಳು.

“ಹೂಂ.”

“ಹುಳ ಅದು ತಿನ್ನೋದು ಅಪರೂಪ, ಅವತ್ತು ನಿನ್ನ ನಸೀಬು. ಜೋಳದ ಹಿಟ್ಟು ನಾದಿ ಸಣ್ಣ ಉಂಡಿ ಮಾಡು. ಬೆಂಡು ಮ್ಯಾಲೆ ಸರಿಸಿ ಕಟ್ಟು, ಗಾಳ ತಳದ ಬಂಡೆಗಲ್ಲಿನ ಮ್ಯಾಲೆ ಕೂಡಬೇಕು. ನೆರಳು ನೀರಿಗೆ ಬೀಳಬಾರದು.”

ಇಪ್ಪತ್ತು ವರ್ಷದಿಂದ ನಾನು ಹುಳ ಹಾಕಿಕೊಂಡು ಕೂತಿದ್ದೆ.

೨೨ ಜುಲೈ, ಬುಧವಾರ, ಮಧ್ಯಾಹ್ನ

ಸಿಕ್ಕಿತು! ಎಂಟಕ್ಕೆ. ಮೊದಲಿನದಕ್ಕಿಂತ ಚಿಕ್ಕದು, ಆದರೆ ಪಟ್ಟಿ ಅಷ್ಟೇ ದಟ್ಟ. ಲ್ಯಾಬಿನಿಂದ ಒಯ್ದಿದ್ದ ಬಿಳಿ ಎನಾಮಲ್ ಬಕೆಟ್ಟಿಗೆ ಹಾಕಿದೆ. ಹೊಳೆಯುವ ಬಕೆಟ್ಟು, ನಿನ್ನೆ ನಾನೇ ಉಜ್ಜಿದ್ದು. ಅದರಲ್ಲಿ ಬಣ್ಣ ಎದ್ದು ಕಾಣಲಿ ಅಂತ. ನೀರು ತುಳುಕಬಾರದೆಂದು ಎರಡು ಮೈಲಿ ನಡೆದೇ ಬಂದೆ, ಮೇಲೆ ಒದ್ದೆ ಬಟ್ಟೆ ಮುಚ್ಚಿ.

ಹೆಡ್ ಮಾಸ್ತರ್ ಟೇಬಲ್. ಹಾಲಸ್ವಾಮಿ ಸರ್ ಅವರನ್ನೂ ಕರೆದೆ. ಬಟ್ಟೆ ತೆಗೆದೆ.

ಬಿಳಿಚಿಕೊಂಡ ಒಂದು ಗೆಂಡೆ. ಪಟ್ಟಿ ಇದ್ದ ಕಡೆ, ಇತ್ತೇನೋ ಅನ್ನುವಷ್ಟು ಮಸುಕು ಗೆರೆ.

“ಇದೇನು, ಸಾರಿಗೇನು?” ಅಂದರು ಹೆಡ್ ಮಾಸ್ತರ್. ಹಾಲಸ್ವಾಮಿ ಸರ್ ಬಗ್ಗಿ ನೋಡಿ, ಮೆಲ್ಲಗೆ, “ಇವತ್ತು ಬಣ್ಣ ಮರೆತು ಬಂದ್ಯೇನು?” ಅಂದರು. ಅವರ ಬಾಯಲ್ಲಿ ಆ ಮಾತು! ಅಲ್ಲೇ ಅತ್ತುಬಿಡುತ್ತಿದ್ದೆ, ಹಿಂದಿ ಮಾಸ್ತರು ಬಾಗಿಲಲ್ಲಿ ನಿಂತಿದ್ದರು ಅಂತ ತಡೆದುಕೊಂಡೆ.

ಅದೇ ದಿನ, ರಾತ್ರಿ ಎಂಟು

ಕೊಟ್ಟ ಮಾತು. ಐದಕ್ಕೆ ಶಾಲೆ ಬಿಟ್ಟ ಕೂಡಲೇ ಮಡುವಿಗೆ ಹೋದೆ. ದ್ಯಾಮಕ್ಕ ಬಟ್ಟೆ ಒಗೆಯುತ್ತಿದ್ದಳು. ಬಕೆಟ್ ನೋಡಿ, “ಕಾದ ನೀರು. ಹಂಗ ಒಮ್ಮೆಲೆ ಬಿಡಬ್ಯಾಡ, ಸತ್ತು ಹೋಗ್ತೈತಿ” ಅಂದು ತನ್ನ ಕರಿ ಗಡಿಗೆಯಲ್ಲಿ ಮಡುವಿನ ನೀರು ತುಂಬಿ ಮೀನನ್ನು ಅದಕ್ಕೆ ಇಳಿಸಿದಳು. ಅಡುಗೆ ಮಾಡಿ ಮಾಡಿ ಒಳಗೂ ಹೊರಗೂ ಮಸಿ ಹಿಡಿದ ಗಡಿಗೆ.

ಬೀಡಿ ಹಚ್ಚಿದೆ. ಅರ್ಧ ತಾಸು ಕಳೆದು ಬಿಡೋಣ ಅಂತ ಗಡಿಗೆಯೊಳಗೆ ಕೈ ಹಾಕಲು ಹೋದೆ...

ಪಟ್ಟಿ ಬಂದಿತ್ತು. ಕೇಸರಿ, ದಟ್ಟ. ಮಚ್ಚೆ ಸಮೇತ.

“ಯಕ್ಕಾ!” ಅಂತ ಕೂಗಿದೆ. ಅವಳು ಸೀರೆ ಹಿಂಡುತ್ತಲೇ, “ಬೆಳ್ಳನ ಜಾಗದಾಗ ಇಟ್ರ ಅದೂ ಬೆಳ್ಳಗಾಗ್ತೈತಿ. ತನ್ನ ಅಡಗಿಸ್ಕೊಂತೈತಿ. ಇಷ್ಟೂ ಗೊತ್ತಿಲ್ಲೇನು ಸಾಲಿಯಾಗ ಇರೋರಿಗೆ?” ಅಂದಳು.

ಗೊತ್ತಿರಲಿಲ್ಲ. ಹೊತ್ತು ಮುಳುಗುತ್ತಿತ್ತು. ಬಿಟ್ಟೆ. ನೋಡನೋಡುತ್ತ ಕರಿ ನೀರಿಗೆ ಇಳಿದು ಹೋಯಿತು. ಬಕೆಟ್ ಅಲ್ಲೇ ಹಳ್ಳಕ್ಕೆ ಎಸೆಯಬೇಕು ಅನ್ನಿಸಿತು, ಸರ್ಕಾರಿ ಬಕೆಟ್ಟು. ವಾಪಸ್ ತಂದೆ.

೩೦ ಜುಲೈ, ಗುರುವಾರ

ಎಂಟು ದಿನ. ಎರಡು ದಿನ ಮಳೆ, ಹಳ್ಳ ಕೆಂಪಾಗಿ ಹರಿಯಿತು, ಬೆಂಡು ನಿಲ್ಲಲಿಲ್ಲ. ಜ್ವರ ಬಂದಿದೆ. ಹುಲುಗಮ್ಮ ಕಷಾಯ ಮಾಡಿಕೊಟ್ಟು ಬಾಗಿಲಿಗೆ ಅಡ್ಡ ಕೂತಳು. ಮಧ್ಯಾಹ್ನ ತಾನೇ ಎದ್ದು ಜೋಳದ ಹಿಟ್ಟು ನಾದಿ ಉಂಡೆ ಮಾಡಿ ಎಲೆಯಲ್ಲಿ ಕಟ್ಟಿಟ್ಟಳು. “ನಾಳೆ ಹೋಗ್ರಿ. ಸುಳ್ಳನ ಹೆಂಡ್ತಿ ಅನ್ನಿಸ್ಕೊಂಡು ನಲ್ಲಿಗೆ ಹೋಗಾಕ ನಂಗೂ ಆಗವಲ್ದು” ಅಂದಳು. ನಲ್ಲಿಯ ಹತ್ತಿರ ಜನ ಹಾಗೆ ಅನ್ನುತ್ತಾರೆ ಅಂತ ಇಷ್ಟು ದಿನ ಹೇಳಿರಲಿಲ್ಲ.

ಇನ್ನು ನಾಲ್ಕೇ ದಿನ.

೩೧ ಜುಲೈ, ಶುಕ್ರವಾರ, ಮೂರು ಗಂಟೆ, ಲ್ಯಾಬ್

ಗಡಿಗೆ ಟೇಬಲ್ ಕೆಳಗಿದೆ. ಒಳಗೆ ಮೀನು ಇದೆ. ಬೆಳಗ್ಗೆ ಏಳಕ್ಕೆ ಸಿಕ್ಕಿತು, ಮೊದಲಿನೆರಡಕ್ಕಿಂತ ದೊಡ್ಡದು. ದ್ಯಾಮಕ್ಕ ತನ್ನ ಕರಿ ಗಡಿಗೆಯನ್ನೇ ಕೊಟ್ಟಳು.

ಹೆಡ್ ಮಾಸ್ತರ್ ಮೊದಲು ಬಗ್ಗಲೇ ಇಲ್ಲ. ಬಗ್ಗಿದ ಮೇಲೆ ಏಳಲಿಲ್ಲ. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ನಾನು ಮೀನನ್ನು ಕೈಯಲ್ಲೆತ್ತಿ ಬಿಳಿ ಅರಿವೆಯಿಂದ ಪಟ್ಟಿಯ ಮೇಲೆ ಮೆತ್ತಗೆ ಒತ್ತಿ, ಅರಿವೆ ತೋರಿಸಿದೆ. ಬಣ್ಣವಿಲ್ಲ. ಹಾಲಸ್ವಾಮಿ ಸರ್ ಅರಿವೆ ಇಸಿದುಕೊಂಡು ಬೆಳಕಿಗೆ ಹಿಡಿದು ನೋಡಿದರು. ಮುಖ ಕೆಂಪಾಯಿತು.

“ನೀನು ಹೇಳಿದ್ದು ಖರೆ ಐತಿ ಎರ್ರೆಪ್ಪ” ಅಂದರು ಹೆಡ್ ಮಾಸ್ತರ್. ಆ ಮಾತು ಕೇಳಲು ನಾಲ್ಕು ವಾರ ಕಾದಿದ್ದೆ. ಆದರೆ ಅಷ್ಟಕ್ಕೇ ನಿಲ್ಲಿಸಲಿಲ್ಲ ಅವರು.

“ಫಾರ್ಮಲಿನ್ ಬಂದೈತಿ. ಬಾಟಲಿಗೆ ಹಾಕು, ಬಣ್ಣ ಹೋಗೋದ್ರೊಳಗ ಇವತ್ತೇ ಒಬ್ಬರ ಕೈಯಾಗ ಪ್ರೊಫೆಸರ್‌ಗೆ ಕಳಸ್ತೀನಿ.”

ಕೊಟ್ಟ ಮಾತು ಹೇಳಿದೆ. ಹೊತ್ತು ಮುಳುಗುವುದರೊಳಗೆ ಬಿಡಬೇಕು ಅಂತ.

“ನೋಡು, ನಾನು ನಂಬ್ತೀನಿ. ಫೈಲು ನಂಬಬೇಕಲ್ಲ? ಫೈಲಿನಾಗ ಪ್ರೊಫೆಸರ್ ಕಾಗದ ಐತಿ. ಅದರ ಮ್ಯಾಲೆ ಒಂದಾ ಮೀನು ಇರಬೇಕು, ಇಲ್ಲಾ ನಿನ್ನ ತಪ್ಪೊಪ್ಪಿಗೆ ಇರಬೇಕು. ‘ತಿಳೀದ ಬಣ್ಣ ಹಚ್ಚಿದ್ದೆ, ಕ್ಷಮಿಸ್ರಿ’ ಅಂತ ಎರಡು ಸಾಲು ಬರದು ಕೊಡು, ವಾರ್ನಿಂಗ್ ಕೊಟ್ಟು ಮುಗಸ್ತೀನಿ. ನಿನ್ನ ಖಾಯಂ ಕಾಗದಾನೂ ಹೋಗ್ತೈತಿ. ಮೀನು ಕೊಡ್ತೀಯೋ, ಸಾಲು ಕೊಡ್ತೀಯೋ, ನೋಡು. ಐದು ಗಂಟಿ ತನಕ ಟೈಮ್ ಐತಿ.”

ಕೆಟ್ಟವರಲ್ಲ. ನನಗೆ ಒಳ್ಳೆಯದು ಮಾಡಲಿಕ್ಕೇ ನೋಡುತ್ತಿದ್ದಾರೆ. ಅದೇ ಸಿಟ್ಟು ಬರುತ್ತಿದೆ.

ಬಾಟಲಿ ತೊಳೆದು ಇಟ್ಟಿದ್ದೇನೆ. ಮುಚ್ಚಳವೂ ಇದೆ. ಮೀನು ಹಾಕಿದರೆ ನಾನು ಸುಳ್ಳನಲ್ಲ ಅಂತ ಊರಿಗೆಲ್ಲ ಗೊತ್ತಾಗುತ್ತದೆ, ದ್ಯಾಮಕ್ಕ ಒಬ್ಬಳನ್ನು ಬಿಟ್ಟು. ನಾನು ಮಾತು ತಪ್ಪಿದವ ಅಂತ ಅವಳಿಗೆ ಮಾತ್ರ ಗೊತ್ತಿರುತ್ತದೆ. ಮತ್ತೆ ನನಗೆ.

ನಾಲ್ಕೂ ಮುಕ್ಕಾಲು. ಗಡಿಗೆಯಲ್ಲಿ ಒಂದು ಸುತ್ತು ತಿರುಗಿತು. ಸಾಕು, ಹೊರಟೆ.

೧ ಆಗಸ್ಟ್, ಶನಿವಾರ

ಬಿಟ್ಟೆ. ಸೂರ್ಯ ಇನ್ನೂ ಒಂದು ಮಾರು ಮೇಲಿದ್ದ. ದ್ಯಾಮಕ್ಕನ ಗಡಿಗೆ ತೊಳೆದು ಕೊಟ್ಟೆ.

ಇವತ್ತು ಹೆಡ್ ಮಾಸ್ತರ್ ನನ್ನನ್ನು ಕರೆದು, “ಸಿಕ್ಕಿದ್ದನ್ನ ಕೈಯಾರೆ ನೀರಿಗೆ ಬಿಟ್ಟು ಬಂದೀಯಲ್ಲೋ, ಹುಚ್ಚು ಹಿಡಿದೈತೇನು ನಿನಗ?” ಅಂತ ಬೈದರು. ಸೋಮವಾರ ಬರಹದಲ್ಲಿ ಉತ್ತರ ಬರದಿದ್ದರೆ ಸರ್ವಿಸ್ ಪುಸ್ತಕದಲ್ಲಿ ಮೋಸ ಅಂತ ಬರೆಯುವುದೇ ಅಂದರು. ಬರೆಯಲಿ. ಹಚ್ಚದ ಬಣ್ಣವನ್ನು ಹಚ್ಚಿದೆ ಅಂತ ಮಾತ್ರ ನನ್ನ ಕೈಯಲ್ಲಿ ಬರೆಯುವುದಿಲ್ಲ.

೩ ಆಗಸ್ಟ್, ಸೋಮವಾರ, ಸಂಜೆ

ನಿನ್ನೆ ಇಡೀ ದಿನ ಬರೆದೆ, ಹರಿದೆ. ಕೊನೆಗೆ ಇಷ್ಟು: “ಮೀನನ್ನು ಸ್ಪಿರಿಟ್ಟಿನಲ್ಲಿ ಹಾಕಿದ್ದು ನನ್ನ ತಪ್ಪು. ಸ್ಪಿರಿಟ್ ಬಣ್ಣ ತೆಗೆಯುತ್ತದೆಂದು ತಿಳಿದವನೇ ಮರೆತು ಹಾಕಿದೆ, ಅದಕ್ಕೆ ಯಾವ ಶಿಕ್ಷೆಯನ್ನಾದರೂ ಕೊಡಿ. ಬಣ್ಣ ಹಚ್ಚಿಲ್ಲ. ಪಟ್ಟಿ ಇತ್ತು, ಈಗಲೂ ಇದೆ.” ಸಹಿ.

ಗುಮಾಸ್ತರು ತೆಗೆದುಕೊಳ್ಳಲಿಲ್ಲ. “ಲಗತ್ತು ಏನಂತ ಬರದಿಲ್ಲಲ್ಲ. ಸಾಕ್ಷಿ ಏನೂ ಇಲ್ದ ಹೆಂಗ ತಗೊಳ್ಳಲಿ?” ಅಂದರು. ಪೆನ್ನು ಇಸಿದುಕೊಂಡು ಕೆಳಗೆ ಬರೆದೆ: “ಲಗತ್ತು: ಗೆಂಡೆ ಮೀನು, ಒಂದು. ಕರಿಗಲ್ಲು ಮಡುವಿನಲ್ಲಿದೆ.”

ತಮಾಷೆಗೆ ಬರೆದದ್ದಲ್ಲ. ಎಲ್ಲಿದೆಯೋ ಅದನ್ನೇ ಬರೆದೆ.

ಹೆಡ್ ಮಾಸ್ತರ್ ಓದಿದರು. ಮತ್ತೊಮ್ಮೆ ಓದಿದರು. ಬೈಗುಳಕ್ಕೆ ತಯಾರಾಗಿ ನಿಂತೆ. ಅವರು ಹಾಲಸ್ವಾಮಿ ಸರ್ ಕಡೆ ಕಾಗದ ಚಾಚಿ, “ಲಗತ್ತು ಹೊರಗೈತಿ ಅಂದ್ರ ಏನು ಮಾಡಬೇಕ್ರಿ ರೂಲ್ ಪ್ರಕಾರ?” ಅಂದರು.

“ಸ್ಥಳ ಪರಿಶೀಲನೆ ಮಾಡಬೇಕ್ರಿ ಸರ್” ಅಂದರು ಹಾಲಸ್ವಾಮಿ. ನಗು ತಡೆಯುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿ, ಎಲ್ಲರ ಮುಂದೆ, “ಬಣ್ಣ ಮರೆತ್ಯೇನು ಅಂತ ಅಂದಿದ್ದೆ ಅವತ್ತು. ಅನ್ನಬಾರದಿತ್ತು” ಅಂದರು. ನಾನು ನೆಲ ನೋಡಿದೆ.

ನಾಳೆ ಬೆಳಗ್ಗೆ ಪರಿಶೀಲನೆ. ಸಿಕ್ಕರೆ ಅಲ್ಲೇ ಪಂಚನಾಮೆ ಬರೆದು, ಇಬ್ಬರೂ ಸಹಿ ಹಾಕಿ ಫೈಲಿಗೆ ಸೇರಿಸುತ್ತಾರಂತೆ. ಮೀನನ್ನು ಮುಟ್ಟುವುದಿಲ್ಲ. ಸಿಗದಿದ್ದರೆ ಅದನ್ನೂ ಬರೆಯಬೇಕಾಗುತ್ತದಂತೆ. ನಾಳೆ ಒಂದೇ ದಿನ.

೪ ಆಗಸ್ಟ್, ಮಂಗಳವಾರ, ಮಡು

ಟೈಮ್ ಟೈಮಿಗೆ ಬರೆದುಕೊಳ್ಳುತ್ತಾ ಹೋಗು ಅಂದಿದ್ದಾರೆ ಹೆಡ್ ಮಾಸ್ತರ್. ಬೇರೆ ಪುಸ್ತಕ ತಂದಿಲ್ಲ, ಇದರಲ್ಲೇ.

೫.೫೦. ಇಬ್ಬರೂ ಬಂದರು. ಚಪ್ಪಲಿ ಬಿಟ್ಟು ಬರ್ರಿ ಅಂದಳು ದ್ಯಾಮಕ್ಕ. ಬಿಟ್ಟರು.

೬.೧೫. ಗಾಳ ನೀರಿಗೆ. ಹಿಡಿದಿರುವುದು ದ್ಯಾಮಕ್ಕ. ನಾನು ಅವಸರ ಮಾಡುತ್ತೇನೆ ಅಂತ ಕೋಲು ಕಸಿದುಕೊಂಡಳು.

೬.೪೦. ಬೆಳ್ಳಿ ಗೆಂಡೆ. ಬುಟ್ಟಿಗೆ.

೭.೦೫. ಬೆಳ್ಳಿ ಗೆಂಡೆ. ಹೆಡ್ ಮಾಸ್ತರ್ ವಾಚ್ ನೋಡಿಕೊಂಡರು. ಒಂಬತ್ತಕ್ಕೆ ಹೋಗಲೇಬೇಕು ಅಂದರು.

೮.೧೦. ಏನೂ ಇಲ್ಲ. ಬಿಸಿಲು ಏರಿದೆ. ಹಾಲಸ್ವಾಮಿ ಸರ್ ಹಿಟ್ಟಿನ ಉಂಡೆ ಮಾಡಿಕೊಡುತ್ತಿದ್ದಾರೆ, ದೊಡ್ಡದಾಯಿತು ಅಂತ ದ್ಯಾಮಕ್ಕ ಎರಡು ಸಲ ಬೈದಳು.

೮.೩೫. ಬೆಂಡು ಅಲ್ಲಾಡಿತು. ಹೆಡ್ ಮಾಸ್ತರ್ ಎದ್ದು ನಿಂತರು. “ಕೂಡ್ರಿ ಸರ್, ನೆರಳು ಬೀಳ್ತೈತಿ” ಅಂದೆ. ನಾನು, ಅವರಿಗೆ. ಕೂತರು.

೮.೩೬. ಬೆಂಡು ಓರೆಯಾಯಿತು. ನಿಂತಿದೆ. ಮುಳುಗಿತು, ಎಳೆದಳು, ನೀರಿನೊಳಗೆ ತಿರುಗುತ್ತಿದೆ, ಏನೋ ಕೇಸರಿ ಹೊಳೆಯಿ—